ಮಗ್ಗಿಗೆ ತುಳಿದ ದೋಣಿ

ಕಳೆದ ವಾರ ನೈರೋಬಿಯ ನಡುಪೇಟೆ ಸಿಬಿಡಿಯ ಒಂದು ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಗೋಡೆಗೆ ಫೋಟೊ ತೂಗುಹಾಕಲು ನೈಲಾನ್ ದಾರ ಕೇಳಿದೆ. ಅಂಗಡಿಯವನು ದಾರದ ತುದಿಯನ್ನು ನನ್ನ ಕೈಗೆ ಕೊಟ್ಟು, ಹಿಡಿದುಕೊಳ್ಳಿ ಎಂದು ಸನ್ನೆ ಮಾಡಿ, ಅಳೆಯುತ್ತಾ ಹಿಂದೆ ಸರಿದ. ದಾರ ನನ್ನ ತೋರುಬೆರಳಿನ ಮೇಲೆ ಬಿಗಿಯಾಗಿ ಸಣ್ಣಗೆ ನಡುಗಿತು. ಅಷ್ಟಕ್ಕೇ ನನ್ನ ಕಾಲುಗಳು ನಿಂತಲ್ಲೇ ಒಂದಾದ ಮೇಲೊಂದು ನೆಲವನ್ನು ಒತ್ತತೊಡಗಿದವು...

ಸೌತ್ ಬಿ ಬಡಾವಣೆಯ ನಮ್ಮ ಕಟ್ಟಡದಲ್ಲಿ, ನನ್ನ ಮನೆಯ ಕೆಳಗೆ, ಒಬ್ಬ ಟೀಚರ್ ಇದ್ದರು. ಮಂಗಳೂರು ಕಡೆಯ ಹೆಂಗಸು. ಮೂವತ್ತು ವರ್ಷಗಳಿಂದ ನೈರೋಬಿಯ ಮಕ್ಕಳಿಗೆ ಗಣಿತ ಕಲಿಸುತ್ತಿದ್ದರು, ಒಂಟಿಯಾಗಿದ್ದರು. ನಾನು ಆಗಷ್ಟೇ ಮೈಸೂರಿನಿಂದ ಬಂದು ಒಂದು ಔಷಧಿ ಕಾರ್ಖಾನೆಯ ಲ್ಯಾಬಿಗೆ ಸೇರಿದ್ದೆ. ಒಂದು ಶನಿವಾರ ಅವರು ಮೆಟ್ಟಿಲಲ್ಲಿ ನನ್ನನ್ನು ನಿಲ್ಲಿಸಿ, ಮುಖ ನೋಡದೆ ಕಾಲು ನೋಡಿ, "ನಿನಗೆ ಸೈಕಲ್ ಬರ್ತದಾ?" ಎಂದರು. ಬರುತ್ತದೆ ಎಂದೆ. "ಹಾಗಾದ್ರೆ ನಾಳೆ ಆರು ಗಂಟೆಗೆ ರೆಡಿ ಇರು. ಸ್ವೆಟರ್ ತಗೊ."

ಹೀಗೆ ನಾನು, ಮೊಟ್ಟೆಯನ್ನೂ ಮುಟ್ಟದವಳು, ಟ್ರೌಟ್ ಮೀನು ಹಿಡಿಯುವ ದೋಣಿಗೆ ಬಂದು ಕೂತೆ.

ಲಿಮುರು ಕಡೆ, ಚಹಾ ತೋಟಗಳ ನಡುವೆ, ಒಂದು ಸಣ್ಣ ಡ್ಯಾಮು. ನೀರು ಕೈ ಮರಗಟ್ಟುವಷ್ಟು ತಣ್ಣಗೆ. ಅದನ್ನು ಕಾಯುತ್ತಿದ್ದ ಮುದುಕನ ಬಳಿ ಬಣ್ಣ ಹೋದ ಒಂದು ಪೆಡಲ್ ದೋಣಿ ಇತ್ತು. ಪಾರ್ಕುಗಳಲ್ಲಿ ಮಕ್ಕಳು ತುಳಿಯುತ್ತಾರಲ್ಲ, ಅಂಥದ್ದೇ, ಇಬ್ಬರು ಕೂರುವಂಥದ್ದು. ಟೀಚರಿಗೆ ಮೊಣಕಾಲಿನ ಆಪರೇಷನ್ ಆಗಿದ್ದರಿಂದ ತುಳಿಯುವ ಕೆಲಸ ನನ್ನದು. ಅವರು ಗಾಳದ ಕೋಲು ಹಿಡಿದು, ಮೂವತ್ತು ಮಾರು ದಾರವನ್ನು ದೋಣಿಯ ಹಿಂದೆ ಬಿಟ್ಟು, ಆ ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿಕೊಂಡು ಕೂರುತ್ತಿದ್ದರು. ದಾರದ ತುದಿಯಲ್ಲಿ ಚಮಚದ ಆಕಾರದ ಒಂದು ಹಿತ್ತಾಳೆ ತಗಡು, ಅದಕ್ಕೊಂದು ಕೊಕ್ಕೆ. ದೋಣಿ ಸರಿಯಾದ ವೇಗದಲ್ಲಿ ಹೋದರೆ ತಗಡು ನೀರೊಳಗೆ ಗಾಯಗೊಂಡ ಮರಿಮೀನಿನಂತೆ ಹೊರಳುತ್ತದೆ. ಜೋರಾದರೆ ಮೇಲೆದ್ದು ಗಿರಗಿರ ತಿರುಗುತ್ತದೆ. ನಿಧಾನವಾದರೆ ಮುಳುಗಿ ಪಾಚಿಗೆ ಸಿಕ್ಕಿಕೊಳ್ಳುತ್ತದೆ.

ವೇಗ ಹೇಗೆ ಗೊತ್ತಾಗುವುದು? ಅದಕ್ಕೆ ಮಗ್ಗಿ.

ಟೀಚರ್ ಕನ್ನಡದಲ್ಲಿ, ತಮ್ಮ ಬಾಲ್ಯದ ಶಾಲೆಯ ರಾಗದಲ್ಲಿ, ಮಗ್ಗಿ ಹೇಳುತ್ತಿದ್ದರು. ಒಂದು ಸಾಲಿಗೆ ಪೆಡಲ್ ಒಂದು ಸುತ್ತು. ಮೀನು ಆಳದಲ್ಲಿರುವ ಚಳಿ ಬೆಳಿಗ್ಗೆಗೆ ಹತ್ತೊಂಬತ್ತರ ಮಗ್ಗಿ, ಏಕೆಂದರೆ ಅದು ಬಾಯಲ್ಲಿ ಬೇಗ ಹೊರಳುವುದಿಲ್ಲ. ಬಿಸಿಲೇರಿದಾಗ ಹನ್ನೆರಡರದ್ದು. ನಾನು ಮುಂದೆ ಓಡಿದರೆ, "ಎಂತ ಅವಸರ ಮಾರಾಯ್ತಿ, ಮಟಾಟು ವ್ಯಾನ್ ಓಡಿಸ್ತಿದ್ದೀಯಾ?" ದಡದಲ್ಲಿದ್ದ ಮುದುಕ ಮಗ್ಗಿ ಕೇಳಿ ಅದು ಪ್ರಾರ್ಥನೆ ಎಂದುಕೊಂಡು ಟೋಪಿ ತೆಗೆಯುತ್ತಿದ್ದ. ಅವರು ಅವನನ್ನು ತಿದ್ದಲಿಲ್ಲ.

ನನ್ನನ್ನೇ ಏಕೆ ಆರಿಸಿದಿರಿ ಎಂದು ಕೇಳಿದ್ದೆ. "ಮೀನು ತಿನ್ನುವವರನ್ನು ಕೂರಿಸಿದ್ರೆ ಅವರಿಗೆ ಆಸೆ. ಆಸೆ ಇದ್ರೆ ಕಾಲು ಜೋರಾಗ್ತದೆ. ನಿಂಗೆ ಎಂತದೂ ಬೇಡ. ಫಸ್ಟ್ ಕ್ಲಾಸ್ ಇಂಜಿನ್."

ಅದು ಅರ್ಧ ಉತ್ತರ. ಉಳಿದರ್ಧವನ್ನು ಕೆಲವು ತಿಂಗಳ ನಂತರ ನೀರಿನ ಮಧ್ಯೆ ಹೇಳಿದರು. ಅವರ ತಾಯಿಯೂ ಗಣಿತದ ಟೀಚರ್. ಐವತ್ತೆಂಟಕ್ಕೇ ಮರೆವು ಶುರುವಾಯಿತು. ಮನೆಯವರಿಗೆ ಗೊತ್ತಾಗುವ ಮೊದಲು ತರಗತಿಯ ಮಕ್ಕಳಿಗೆ ಗೊತ್ತಾಯಿತು. ಒಂದು ವರ್ಷ ಮಕ್ಕಳು ನಗುತ್ತಿದ್ದರು, ಅವರು ತಮಾಷೆಗೆ ನಗುತ್ತಿದ್ದಾರೆಂದುಕೊಂಡು ತಾಯಿಯೂ ನಗುತ್ತಿದ್ದರು.

"ನಂಗೀಗ ಐವತ್ತೇಳು," ಎಂದರು ಟೀಚರ್, ದಾರದಿಂದ ಕಣ್ಣು ತೆಗೆಯದೆ. "ಮಕ್ಕಳು ನಗುವ ಮೊದಲು ನಂಗೆ ಗೊತ್ತಾಗಬೇಕು. ಅದೇ ದಿನ ಕೆಲಸ ಬಿಡ್ತೇನೆ. ಮಗ್ಗಿ ತಪ್ಪಿದ್ರೆ ನೀನು ಹೇಳ್ಬೇಕು. ನೀನು ಲ್ಯಾಬಿನವಳು, ಒಂದು ಮಾತ್ರೆ ಸರಿಯಿಲ್ಲದಿದ್ರೆ ಇಡೀ ಬ್ಯಾಚ್ ಬಿಸಾಡ್ತೀಯಲ್ಲ? ಹಾಗೆ. ಪಾಪ ಅಂತ ನೋಡ್ಬೇಡ."

"ಆಯ್ತು ಟೀಚರ್," ಎಂದೆ. ಎಷ್ಟು ಸಲೀಸಾಗಿ ಎಂದೆ.

ಆ ನಂತರದ ಎರಡು ವರ್ಷ ನಾನು ಕಂಡದ್ದು ಒಬ್ಬ ಹೆಂಗಸು ಪ್ರತಿ ಭಾನುವಾರ ತನ್ನನ್ನು ತಾನೇ ಪರೀಕ್ಷೆಗೆ ಕೂರಿಸಿಕೊಳ್ಳುವುದನ್ನು. ಭಯವಿತ್ತೇ ಅವರಿಗೆ? ನನಗೆ ಕಾಣಿಸಲಿಲ್ಲ, ಅಥವಾ ನೋಡಲು ನನಗೆ ಗೊತ್ತಿರಲಿಲ್ಲ. ಮೀನು ಸಿಕ್ಕರೆ ನಗು, ಸಿಗದಿದ್ದರೆ ಫ್ಲಾಸ್ಕಿನ ಚಹಾ. ಸಣ್ಣ ಮೀನನ್ನು ಕೈ ಒದ್ದೆ ಮಾಡಿಕೊಂಡು ಬಿಡಿಸಿ, "ಹೋಗು, ಓದಿ ಬಾ," ಎಂದು ನೀರಿಗೆ ಬಿಡುತ್ತಿದ್ದರು.

ಆ ಭಾನುವಾರ ಮೋಡವಿತ್ತು. ಹದಿನೇಳರ ಮಗ್ಗಿ. ಹದಿನೇಳಾರ್ಲ ನೂರಾ ಎರಡು ಎಂದರು, ಸರಿ. ಹದಿನೇಳೇಳ್ಲ ನೂರಾ ಇಪ್ಪತ್ತಾರು ಎಂದರು. ನನ್ನ ಕಾಲು ಒಂದು ಕ್ಷಣ ತಡೆಯಿತು. ಹದಿನೇಳೆಂಟ್ಲ ನೂರಾ ನಲವತ್ತನಾಲ್ಕು... ಅವರು ಹದಿನೆಂಟರ ಮಗ್ಗಿಯೊಳಗೆ ದಾಟಿಹೋಗಿದ್ದರು, ದಾಟಿದ್ದು ತಿಳಿದಿರಲಿಲ್ಲ. ಧ್ವನಿಯಲ್ಲಿ ಒಂದು ಎಳೆಯಷ್ಟೂ ಅನುಮಾನವಿರಲಿಲ್ಲ. ನಾನು ಬಾಯಿ ತೆರೆದಿದ್ದೆ ಎಂದು ನಂಬಿದ್ದೇನೆ. ಆಗಲೇ ಕೋಲು ಬಾಗಿತು.

ಅವರು ಅಷ್ಟು ಚೆನ್ನಾಗಿ ಮೀನು ಆಡಿಸಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಎಳೆದಾಗ ಬಿಟ್ಟು, ದಣಿದಾಗ ಸುತ್ತಿ, ಕೊನೆಗೆ ಬಲೆಯನ್ನು ಅದರ ಕೆಳಗೆ ಮೆತ್ತಗೆ ಒಡ್ಡಿದರು. ಪಕ್ಕೆಯಲ್ಲಿ ಗುಲಾಬಿ ಪಟ್ಟೆಯ ದೊಡ್ಡ ಟ್ರೌಟ್. ಉಸಿರು ಹತೋಟಿಗೆ ಬಂದ ಮೇಲೆ ನನ್ನ ಕಡೆ ತಿರುಗಿ, "ಮಗ್ಗಿ ಸರಿ ಇತ್ತಲ್ಲ?" ಎಂದರು.

"ಸರಿ ಇತ್ತು ಟೀಚರ್."

ಮೂರು ವಾರ ಕಳೆದು ಒಂದು ಸಂಜೆ ಅವರು ಮೇಲೆ ಬಂದು ನನ್ನ ಅಡುಗೆಮನೆಯಲ್ಲಿ ಕೂತರು. "ಇವತ್ತು ಮಕ್ಕಳು ನಕ್ಕರು," ಎಂದರು. ಬೋರ್ಡಿನ ಮೇಲೆ ಲೆಕ್ಕ ತಪ್ಪಿತ್ತು, ಎರಡು ಸಲ ಮಾಡಿದರೂ ತಪ್ಪಿತ್ತು. ಅವರು ಸೀಮೆಸುಣ್ಣವನ್ನು ಮುಂದಿನ ಬೆಂಚಿನ ಹುಡುಗಿಗೆ ಕೊಟ್ಟು, ಅವಳು ಸರಿ ಮಾಡಿದ ಮೇಲೆ ತರಗತಿಗೆ ಅಸಾಂಟೆ ಎಂದು ಧನ್ಯವಾದ ಹೇಳಿ, ನೇರ ಹೆಡ್ ಟೀಚರರ ಕೋಣೆಗೆ ಹೋಗಿ ರಾಜೀನಾಮೆ ಬರೆದುಕೊಟ್ಟಿದ್ದರು. ಒಂದು ದಿನವೂ ತಡಮಾಡಲಿಲ್ಲ.

ನಾನು ಚಹಾ ಇಡಲು ಎದ್ದೆ, ಮುಖ ತಿರುಗಿಸಲು ಒಂದು ಕಾರಣ ಬೇಕಿತ್ತು. ಹಿಂದಿನಿಂದ ಕೇಳಿದರು, "ದೋಣಿಯಲ್ಲಿ ತಪ್ಪಿತ್ತಾ?"

ನಾನು ಚಹಾಪುಡಿ ಹಾಕಿದ್ದ ಪಾತ್ರೆಗೇ ಮತ್ತೆ ಚಹಾಪುಡಿ ಹಾಕಿದೆ. ಅದೇ ಉತ್ತರವಾಯಿತು.

ಅವರು ಬಯ್ಯಲಿಲ್ಲ. "ಸಕ್ಕರೆ ಕಡಿಮೆ ಹಾಕು," ಎಂದರು. ಮರುಭಾನುವಾರ ಆರು ಗಂಟೆಗೆ ಬಾಗಿಲು ತಟ್ಟಿದರು. ದೋಣಿಯಲ್ಲಿ ಕೂತ ಮೇಲೆ, "ಇನ್ನು ಮಗ್ಗಿ ನೀನು ಹೇಳು," ಎಂದು ದಾರ ಬಿಟ್ಟರು. ಮುಂದಿನ ಒಂದು ವರ್ಷ ಹಾಗೆಯೇ ನಡೆಯಿತು. ಅಂಕಿಗಳು ಅವರಿಂದ ಒಂದೊಂದಾಗಿ ಹೋದವು, ಕೊನೆಗೆ ನನ್ನ ಹೆಸರೂ ಹೋಯಿತು, ಆದರೆ ಬೆರಳು ಮಾತ್ರ ದಾರದ ಮೇಲೆ ತಪ್ಪಲಿಲ್ಲ. ಒಮ್ಮೆ ಅದೇ ದಾರವನ್ನು ನನ್ನ ಬೆರಳಿಗೆ ಹಾಯಿಸಿ, "ಗೊತ್ತಾಯ್ತಾ?" ಎಂದರು. ಆಮೇಲೆ ತಂಗಿ ಬಂದು ಅವರನ್ನು ಮಂಗಳೂರಿಗೆ ಕರೆದೊಯ್ದರು. ಅಲ್ಲಿಯೇ ತೀರಿಕೊಂಡರು. ಸುದ್ದಿ ನನಗೆ ಎರಡು ತಿಂಗಳು ತಡವಾಗಿ ಮುಟ್ಟಿತು.

ನಾನು ಏಕೆ ಸುಳ್ಳು ಹೇಳಿದೆ? ಪಾಪ ಎನ್ನಿಸಿತೆಂದು ಬಹಳ ಕಾಲ ನಂಬಿದ್ದೆ. ಈಗ ಅನುಮಾನ. ನನಗೆ ನನ್ನ ಭಾನುವಾರಗಳು ಬೇಕಿದ್ದವೇನೋ. ನನಗೂ ಆಸೆ ಇತ್ತು, ಅವರ ಅಂದಾಜು ತಪ್ಪಿದ್ದು ಅಲ್ಲಿ ಮಾತ್ರ. ಅಂಗಡಿಯಿಂದ ಬಂದ ದಿನ ಆ ವರ್ಷದ ಡೈರಿ ತೆಗೆದು ನೋಡಿದೆ. ನೆನಪನ್ನು ನಾನು ನಂಬುವುದಿಲ್ಲ, ಅದಕ್ಕೇ ಬರೆದಿಡುತ್ತೇನೆ. ಆದರೆ ಆ ಭಾನುವಾರದ ಪುಟದಲ್ಲಿ ಇರುವುದು ಇಷ್ಟೇ: "ದೊಡ್ಡ ಟ್ರೌಟ್. ಟೀಚರ್ ಚೆನ್ನಾಗಿದ್ದರು." ಅಲ್ಲಿಯೂ ಹೇಳಿರಲಿಲ್ಲ.

ಪೆನ್ನು ತೆಗೆದುಕೊಂಡು ಅದರ ಕೆಳಗೆ ಬರೆದೆ: ಏಳನೆಯ ಸಾಲು ತಪ್ಪಿತ್ತು, ಟೀಚರ್.