ಉಬ್ರಾಣಿಯ ಚಕಮಕಿ ಕೋವಿ ಬಿಚ್ಚಿದ ಸಾವಂತ್ರಮ್ಮ

ನ್ಯಾಮತಿಯ ಕಮ್ಮಾರ ಕಲ್ಲೇಶಪ್ಪ ಕೋವಿ ರಿಪೇರಿಯಲ್ಲಿ ಹೆಸರು ಮಾಡಿದವನು. 1934ರ ಬೇಸಿಗೆಯಲ್ಲಿ ಯಾರೋ ಒಂದು ಹಳೆಯ ಕೋವಿ ತಂದುಕೊಟ್ಟರು. ಖಾಲಿ ಇದೆ ಎಂಬ ಅವರ ಮಾತು ನಂಬಿ, ತುಕ್ಕು ಸಡಿಲವಾಗಲೆಂದು ಅದರ ನಳಿಗೆಯನ್ನು ಕುಲುಮೆಯ ಬೆಂಕಿಗೆ ಹಿಡಿದ. ಒಳಗೆ ಮದ್ದಿತ್ತು, ಸಿಡಿಯಿತು. ಜೀವ ಉಳಿಯಿತು, ಎರಡೂ ಕಣ್ಣು ಹೋದವು.

ಮೂರು ತಿಂಗಳು ಕುಲುಮೆ ತಣ್ಣಗೆ ಬಿದ್ದಿತ್ತು. ಅಷ್ಟು ವರ್ಷ ಗಾಳಿಯೂದುವ ತಿದಿ ಎಳೆಯುತ್ತಿದ್ದ ಹೆಂಡತಿ ಸಾವಂತ್ರಮ್ಮ ಒಂದು ಬೆಳಗ್ಗೆ ತಿದಿಯ ಹಗ್ಗವನ್ನು ಗಂಡನ ಕೈಗೆ ಕೊಟ್ಟು, ಸುತ್ತಿಗೆಯನ್ನು ತಾನು ಹಿಡಿದಳು.

"ನೀವು ಬಾಯಾಗೆ ಹೇಳ್ರಿ, ನಾನು ಕೈಯಾಗೆ ಮಾಡ್ತೀನಿ" ಎಂದಳು.

ಕುಡುಗೋಲು, ಮಚ್ಚುಗಳಿಂದ ಶುರುವಾಯಿತು. ಕೋವಿ ಮುಟ್ಟುವ ಧೈರ್ಯ ಬರಲು ಎರಡು ವರ್ಷ ಹಿಡಿಯಿತು.

1937ರಲ್ಲಿ ಉಬ್ರಾಣಿಯ ಮರುಳಪ್ಪ ಎತ್ತಿನ ಗಾಡಿಯಲ್ಲಿ ಒಂದು ಚಕಮಕಿ ಕೋವಿ ತಂದ. ಅವನ ಮುತ್ತಜ್ಜನ ಕಾಲದ್ದು. ಗುಂಡಿ ಎಳೆದರೆ ಬಡಿಯುವ ‘ಕುದುರೆ’ಯ ಬಾಯಲ್ಲಿ ಕಚ್ಚಿಸಿದ ಕಲ್ಲು ಉಕ್ಕಿಗೆ ಬಡಿದಾಗ ಹಾರುವ ಕಿಡಿಯಿಂದ ಮದ್ದು ಹೊತ್ತಿಕೊಳ್ಳುವ ಕೋವಿ. ಹೊಲಕ್ಕೆ ಹಂದಿ ಕಾಟವೆಂದು ಮರುಳಪ್ಪ ಲೈಸೆನ್ಸ್ ಮಾಡಿಸಿಕೊಂಡಿದ್ದ. ಕಲ್ಲು ತೆಗೆದು, ಬಡಿದರೆ ಸಿಡಿಯುವ ಕೇಪು ಹಾಕುವಂತೆ ಬದಲಾಯಿಸಿಕೊಡಬೇಕು ಎಂದ.

"ಒಳಗೆ ಮದ್ದು ಐತೇನ್ರಿ, ಗೌಡ್ರೇ?" ಎಂದು ಸಾವಂತ್ರಮ್ಮ ಕೇಳಿದಳು.

"ಎಲ್ಲಿ ಮದ್ದು! ನಲವತ್ತು ವರ್ಷದಿಂದ ಗೂಟಕ್ಕೆ ನೇತಾಡ್ತಾ ಐತೆ. ನನ್ನ ಮಗಳು ಚೌಡಮ್ಮ ದಿನಾ ಕುದುರೆ ಎಳೆದು ಆಡ್ತಾಳೆ."

ಸಾವಂತ್ರಮ್ಮ ಕೋವಿಯ ಬಾಯನ್ನು ಮಣ್ಣುದಿಬ್ಬದ ಕಡೆಗೆ ತಿರುಗಿಸಿ, ಮೊದಲು ಕುದುರೆಯ ಬಾಯಿಂದ ಕಲ್ಲನ್ನು ಬಿಚ್ಚಿ ತೆಗೆದಳು. ಬೆಂಕಿಗೆ ನೀರು ಹಾಕಿಸಿದಳು. ಪಕ್ಕಕ್ಕೆ ನಿಂತು, ಮದ್ದು ಜಡಿಯುವ ಗಜದ ಕೋಲನ್ನು ನಳಿಗೆಯೊಳಗೆ ಇಳಿಬಿಟ್ಟು, ಅದು ನಿಂತ ಕಡೆ ಇದ್ದಿಲಿನ ಗುರುತು ಹಾಕಿದಳು. ಹೊರಗೆ ತೆಗೆದು ನಳಿಗೆಯ ಮೇಲೇ ಇಟ್ಟು ಅಳೆದಳು. ಕೋಲು ಬುಡದವರೆಗೆ ಹೋಗಿರಲಿಲ್ಲ. ಮೂರು ಬೆರಳು ಕಡಿಮೆ ಇತ್ತು.

"ತುಂಬೈತೆ" ಎಂದಳು.

ಮರುಳಪ್ಪ ನಕ್ಕ. ಅವಳು ನಗಲಿಲ್ಲ. ಮದ್ದು ನೆನೆಯಲೆಂದು ನಳಿಗೆಗೆ ನೀರು ತುಂಬಿ ನಾಳೆ ಬರಲು ಹೇಳಿದಳು. ಮರುದಿನ ಅವನ ಎದುರಿಗೇ, ತುದಿಯಲ್ಲಿ ತಿರುಪಿದ್ದ ಕೋಲಿನಿಂದ ಒಂದು ಸೀಸದ ಗುಂಡನ್ನು ಹೊರಗೆಳೆದಳು. ಹಿಂದೆಯೇ ಕೆಸರಿನಂಥ ಕರಿ ಮದ್ದು ಸುರಿಯಿತು. ಕಿಡಿ ಒಳಹೋಗುವ ತೂತು ತುಕ್ಕಿನಿಂದ ಮುಚ್ಚಿದ್ದಕ್ಕೇ ಇಷ್ಟು ದಿನ ಸಿಡಿದಿರಲಿಲ್ಲ.

"ಆ ಕೂಸು ನನ್ನ ಎದಿಗೇ ಹಿಡಿತಿತ್ತು ಕಣಮ್ಮ" ಎಂದ ಮರುಳಪ್ಪ.

ಅವಳು ಅವನಿಗೆ ನೀರು ಕೊಟ್ಟು ಕೆಲಸ ಮುಂದುವರಿಸಿದಳು. ತಿರುಪುಗಳಿಗೆ ಎಣ್ಣೆ ಬಿಟ್ಟು ಕಾದಳು. ಕುದುರೆ ಕೂತಿದ್ದ ತಗಡನ್ನು ಮೊದಲು ಕಳಚಿ, ಅದರ ಸ್ಪ್ರಿಂಗನ್ನು ಇಕ್ಕಳದಲ್ಲಿ ಬಿಗಿಹಿಡಿದೇ ಬಿಡಿಸಿದಳು. ಆಮೇಲೆ ಮೊಳೆ ತಟ್ಟಿ ತೆಗೆದು ನಳಿಗೆಯನ್ನು ಮರದ ಹಿಡಿಕೆಯಿಂದ ಎತ್ತಿ, ಒರೆಸಿ, ಗಂಡನ ತೊಡೆಯ ಮೇಲಿಟ್ಟಳು.

ಕಲ್ಲೇಶಪ್ಪ ಉಗುರಿನಿಂದ ನಿಧಾನವಾಗಿ ಸವರಿದ. ಬುಡದ ಹತ್ತಿರ ಬೆರಳು ನಿಂತಿತು. "ಇಲ್ಲಿ ಬಿರುಕು ಬಿಟ್ಟೈತೆ. ಕೇಪು ಹಾಕಬ್ಯಾಡ."

"ನನ್ನ ಕಣ್ಣಿಗೆ ಏನೂ ಕಾಣವಲ್ದು. ನಿನಗೆ ಹೆಂಗೆ ಗೊತ್ತಾತು?" ಮರುಳಪ್ಪನಿಗೆ ಸಿಟ್ಟು ಬಂತು. ಹೊನ್ನಾಳಿಯಲ್ಲಿ ಮಾಡಿಸಿಕೊಳ್ಳುತ್ತೇನೆಂದು ಎದ್ದು ನಿಂತ.

"ಒಂದು ಗಳಿಗೆ ಕೂತ್ಕಳ್ರಿ" ಎಂದಳು ಸಾವಂತ್ರಮ್ಮ. ನಳಿಗೆಯ ಬುಡಕ್ಕೆ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿದಳು. ಮೇಲೆ ತೆಳ್ಳಗೆ ಒಣ ಸುಣ್ಣದ ಪುಡಿ ಉದುರಿಸಿದಳು. ಬಿರುಕಿನೊಳಗೆ ಉಳಿದ ಎಣ್ಣೆ ಮೆಲ್ಲಗೆ ಒಸರಿ, ಬಿಳಿ ಸುಣ್ಣದ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಮೂಡಿತು. ಒಂದು ಗೇಣು ಉದ್ದ.

ಮರುಳಪ್ಪ ಕಲ್ಲೇಶಪ್ಪನ ಕೈ ಹಿಡಿದುಕೊಂಡ. "ನನ್ನ ಮಾತು ಮನಸ್ಸಿಗೆ ಹಚ್ಕಬ್ಯಾಡಪ್ಪ."

ಮರುಳಪ್ಪ ಲೈಸೆನ್ಸನ್ನು ತಾಲ್ಲೂಕಿನ ಅಮಲ್ದಾರರ ಕಚೇರಿಗೆ ಒಪ್ಪಿಸಿ ಬಂದ ಮೇಲೆ, ಅವನೇ ಹೇಳಿದಂತೆ ಸಾವಂತ್ರಮ್ಮ ಬಿರುಕಿನ ಭಾಗ ಕತ್ತರಿಸಿ ಎಸೆದಳು. ಉಳಿದ ತುಂಡಿನಲ್ಲಿ ಅವನ ಹೆಂಡತಿ ದ್ಯಾಮಮ್ಮನಿಗೆ ಒಲೆ ಊದುವ ಕೊಳವೆ ಮಾಡಿಕೊಟ್ಟಳು.

ಈ ಸುದ್ದಿ ಮರುಳಪ್ಪನ ಬಾಯಿಂದಲೇ ಹಬ್ಬಿತು. ಚನ್ನಗಿರಿ, ಜಗಳೂರು ಕಡೆಯಿಂದಲೂ ಕೋವಿಗಳು ನ್ಯಾಮತಿಗೆ ಬರತೊಡಗಿದವು. ತಂದವರು ಖಾಲಿ ಎಂದು ಆಣೆ ಇಟ್ಟರೂ ಅವಳು ಅಳೆಯದೆ ಬಿಚ್ಚುತ್ತಿರಲಿಲ್ಲ. ಒಂಬತ್ತು ವರ್ಷದಲ್ಲಿ ತುಂಬಿದ ಕೋವಿಗಳು ಇನ್ನೂ ನಾಲ್ಕು ಸಿಕ್ಕವು. ಯಾರಿಗೂ ಗಾಯವಾಗಲಿಲ್ಲ.

1946ರಲ್ಲಿ ಕಲ್ಲೇಶಪ್ಪ ಜ್ವರದಿಂದ ತೀರಿಕೊಂಡ. ಬಿರುಕು ಹಿಡಿಯುವ ಆ ಬೆರಳುಗಳಿಲ್ಲವೆಂದು ಸಾವಂತ್ರಮ್ಮ ಕೋವಿ ಕೆಲಸ ಬಿಟ್ಟಳು. ಕೇಳಿಕೊಂಡು ಬಂದವರಿಗೆ ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದಳು.