ಕ್ಲಾಂಪಿನೊಳಗಿನ ಎರಡನೇ ಚುಕ್ಕಿ

ಮೈಸೂರಿನ ಹೆಬ್ಬಾಳದ ಕಾರ್ಖಾನೆಗಳಿಗೆ ಬೆಳಗಿನ ಪಾಳಿಯವರನ್ನು ತರುವ ಬಸ್ಸು ಇನ್ನೂ ಬಂದಿಲ್ಲ. ಹಿಂದಿನ ಅಡ್ಡರಸ್ತೆಯ ತಗಡಿನ ಶೆಡ್ಡಿನಲ್ಲಿ ಮಾತ್ರ ಆಗಲೇ ಇದ್ದಿಲು ಕೆಂಪಗಾಗಿದೆ. ಸೀರೆಯ ಮೇಲೆ ಗಂಡನ ಹಳೇ ಅಂಗಿ ತೊಟ್ಟಿರುವ ವಸಂತಮ್ಮ ಸೆರಗನ್ನು ಸೊಂಟಕ್ಕೆ ಬಿಗಿದು ಸಮ್ಮಟಿಗೆ ಎತ್ತುತ್ತಾರೆ. ಎದುರಿಗೆ ಪತಿ ಕೃಷ್ಣಪ್ಪ ಕಾದು ಕೆಂಪಾದ ಉಕ್ಕಿನ ಪಟ್ಟಿಯನ್ನು ಇಕ್ಕುಳದಲ್ಲಿ ಹಿಡಿದು ಅಡಿಗಲ್ಲಿನ ಮೇಲೆ ಇಡುತ್ತಾರೆ. ಅವರು ಪಟ್ಟಿಯನ್ನು ಒಂದಿಷ್ಟು ಸರಿಸಿದರೆ ಏಟು ಎಲ್ಲಿ ಬೀಳಬೇಕೆಂದು ಇವರಿಗೆ ತಿಳಿಯುತ್ತದೆ.

ಲಾರಿಯ ಕಮಾನು ಸಿದ್ಧವಾಗುತ್ತಿದೆ. ಚಕ್ರದ ಮೇಲೆ ಕೂತು ಹೊರೆಯನ್ನೆಲ್ಲ ಹೊರುವುದು ಈ ಕಮಾನೇ. ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಕ್ಲಾಂಪು ಹಾಕಿ ಬಿಗಿಯುತ್ತಾರೆ. ಒಂದೊಂದು ಪಟ್ಟಿಯನ್ನೂ ಇಲ್ಲಿ ಪ್ಲೇಟು ಎನ್ನುತ್ತಾರೆ. ಎಲ್ಲ ಬಿಗಿದಾದ ಮೇಲೆ ಕೃಷ್ಣಪ್ಪ ಮೊನಚು ತುದಿಯ ಉಕ್ಕಿನ ಪಂಚು ತೆಗೆದುಕೊಂಡು, ಕ್ಲಾಂಪಿನ ಒಳಮೈಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಒಂದು ಚುಕ್ಕಿ ಹೊಡೆಯುತ್ತಾರೆ. ಆಮೇಲೆ ಪಂಚನ್ನು ಹೆಂಡತಿಯ ಕಡೆ ಚಾಚುತ್ತಾರೆ.

"ನೀವೇ ಮಡಿಕಳ್ಳಿ" ಎಂದು ವಸಂತಮ್ಮ ಮುಖ ತಿರುಗಿಸಿ, ಇದ್ದಿಲು ಕೆದಕಲು ಹೋಗುತ್ತಾರೆ.

ಆಷಾಢ ಹುಟ್ಟಿದ ಎರಡನೇ ವಾರದಿಂದ ಈ ಶೆಡ್ಡಿನ ಕಮಾನುಗಳು ಒಂದೇ ಚುಕ್ಕಿ ಹೊತ್ತು ಹೊರಗೆ ಹೋಗುತ್ತಿವೆ. ಅದಕ್ಕೆ ಮೊದಲು ಎರಡಿರುತ್ತಿದ್ದವು. ಒಂದು ಅವರದು, ಒಂದು ಇವರದು.

ಚುಕ್ಕಿಯ ಪಾಠ ಮಂಡಿ ಮೊಹಲ್ಲಾದ್ದು. ಕೃಷ್ಣಪ್ಪ ಹುಡುಗನಾಗಿದ್ದಾಗ ಅಲ್ಲಿಯ ಸಾಬರೊಬ್ಬರ ಅಂಗಡಿಯಲ್ಲಿ ಕೆಲಸ ಕಲಿತರು. ಕೈಯಿಂದ ಹೋಗುವ ಮಾಲಿಗೆ ಗುರುತು ಹಾಕದೆ ಕಳಿಸಬೇಡ ಎಂದು ಸಾಬರು ಹೇಳಿಕೊಟ್ಟಿದ್ದರು. ಹೆಸರು ಮೆರೆಸುವುದಕ್ಕಲ್ಲ. ಎಲ್ಲಾದರೂ ಮುರಿದರೆ, ಹೌದು ಇದು ನಾನು ಮಾಡಿದ್ದು ಎಂದು ಒಪ್ಪಿಕೊಳ್ಳುವುದಕ್ಕೆ.

ವಸಂತಮ್ಮನದು ಬೋಗಾದಿಯಾಚೆಯ ಹಳ್ಳಿಯ ಒಕ್ಕಲು ಮನೆ. ಮದುವೆಯಾಗಿ ಬಂದಾಗ ಅವರಿಗೆ ಗೊತ್ತಿದ್ದ ಕಬ್ಬಿಣವೆಂದರೆ ಕುಡುಗೋಲು, ಗುದ್ದಲಿ. ಸಮ್ಮಟಿಗೆ ಹೊಡೆಯುತ್ತಿದ್ದ ಆಳು ಹೇಳದೆ ಕೇಳದೆ ಕೆಲಸ ಬಿಟ್ಟ ದಿನ, ಎರಡು ಲಾರಿಗಳು ಬಾಗಿಲಲ್ಲಿ ನಿಂತಿದ್ದವಂತೆ. "ಊಟ ತಂದಿದ್ದೆ ನಾನು. ಇವ್ರು ತಲೆ ಮೇಲೆ ಕೈ ಹೊತ್ಕಂಡು ಕುಂತಿದ್ರು. ಕೊಡಿ ಇತ್ತ ಅಂತ ಈಸ್ಕಂಡು ಹೊಡ್ದೆ. ಅವತ್ತು ಹಿಡ್ದಿದ್ದು, ಇನ್ನೂ ಕೆಳಗಿಟ್ಟಿಲ್ಲ" ಎಂದು ನಗುತ್ತಾರೆ. ಮೂವತ್ತು ವರ್ಷಗಳಾಗಿವೆ. ಬಲಗಿವಿ ಮಂದ, ಮುಂಗೈ ತುಂಬ ಕಿಡಿ ಹಾರಿದ ಕಲೆಗಳು, ಚಳಿಗಾಲ ಬಂತೆಂದರೆ ಹೆಗಲು ಮೇಲೇಳದು.

ಇಷ್ಟಾದರೂ ಶೆಡ್ಡಿನ ಬೋರ್ಡಿನಲ್ಲಿರುವುದು ಕೃಷ್ಣಪ್ಪನ ಹೆಸರು ಮಾತ್ರ. ವಸಂತಮ್ಮ ಸಮ್ಮಟಿಗೆ ಹಿಡಿದು ಬೆವರು ಸುರಿಸುತ್ತಾ ನಿಂತಿದ್ದರೂ ಹೊಸ ಚಾಲಕರು ಅವರ ತಲೆಯ ಮೇಲಿಂದ ಒಳಗೆ ಇಣುಕಿ, "ಯಾರೂ ಇಲ್ವಾ?" ಎಂದು ಕೇಳುತ್ತಾರೆ. "ಇಲ್ಲ ಕಣಪ್ಪ, ದೆವ್ವ ಕೆಲ್ಸ ಮಾಡ್ತಾ ಐತೆ" ಎಂದು ಇವರೂ ಹೇಳಿಬಿಡುತ್ತಾರೆ. ಅದನ್ನೆಲ್ಲ ಅವರು ಮನಸ್ಸಿಗೆ ಹಚ್ಚಿಕೊಂಡವರಲ್ಲ. ಮನಸ್ಸಿಗೆ ನಾಟಿದ್ದು ಬೇರೆ.

ಅದು ಬಿಂದುಮಾಧವರ ಗಾಡಿಯ ವಿಷಯ. ಬಿಂದುಮಾಧವರು ದಟ್ಟಗಳ್ಳಿಯಲ್ಲಿ ಅಡುಗೆ ಕಂಟ್ರಾಕ್ಟರು. ಅವರ ಅಜ್ಜ ಅರಮನೆಯ ಅಡುಗೆಮನೆಯಲ್ಲಿದ್ದವರಂತೆ. ಮೊಮ್ಮಗನಿಗೆ ಸೌಟಿನ ಜೊತೆಗೆ ಗಾಡಿಯ ಗೇರಿನ ಹುಚ್ಚೂ ಹತ್ತಿದೆ. ಕೊಳಗ, ಕೊಪ್ಪರಿಗೆ, ಗ್ಯಾಸ್ ಒಲೆಗಳನ್ನು ಛತ್ರದಿಂದ ಛತ್ರಕ್ಕೆ ಹೊರುವ ಅವರ ದಪ್ಪ ಡೀಸೆಲ್ ಪಿಕಪ್ ಗಾಡಿಯೇ, ಆಷಾಢ ಬಂದು ಮದುವೆಗಳು ನಿಂತಾಗ, ಭಾನುವಾರಗಳಲ್ಲಿ ಡ್ರ್ಯಾಗ್ ರೇಸಿಗೆ ಹೋಗುತ್ತದೆ. ಊರಾಚೆ ಖಾಸಗಿ ಜಾಗದಲ್ಲಿ, ಅನುಮತಿ ಪಡೆದು ನಡೆಸುವ ರೇಸು. ನಿಂತಲ್ಲಿಂದ ಹೊರಟು ಕಾಲು ಮೈಲಿ ನೇರ ರಸ್ತೆಯನ್ನು ಯಾರು ಬೇಗ ಮುಗಿಸುತ್ತಾರೆ ಎನ್ನುವುದಷ್ಟೇ ಅಲ್ಲಿಯ ಲೆಕ್ಕ. ಪಂಚೆ ಉಟ್ಟು ಬಂದರೆ ಒಳಗೆ ಬಿಡುವುದಿಲ್ಲವಾದ್ದರಿಂದ ಬಿಂದುಮಾಧವರು ಆ ದಿನ ಮಾತ್ರ ಪ್ಯಾಂಟು ಹಾಕುತ್ತಾರೆ.

ಗಾಡಿಯ ಎಂಜಿನ್ನಿಗೆ ಶಕ್ತಿ ಬೇಕಾದಷ್ಟಿತ್ತು. ಆದರೆ ಹೊರಡುವಾಗ ಹಿಂದಿನ ಚಕ್ರಗಳು ನಿಂತಲ್ಲೇ ಗಿರಗಿರ ತಿರುಗಿ, ಕುಪ್ಪಳಿಸಿ, ಹೊಗೆ ಎಬ್ಬಿಸಿ, ಆಮೇಲೆ ಮುಂದಕ್ಕೆ ಹೋಗುತ್ತಿದ್ದವು. ಹದಿನೇಳು ಸೆಕೆಂಡಿನೊಳಗೆ ಮುಗಿಸಬೇಕೆಂಬ ಆಸೆ ಹದಿನೇಳೂವರೆಯ ಆಚೆಯೇ ನಿಲ್ಲುತ್ತಿತ್ತು. ಕಮಾನು ಸರಿಯಿಲ್ಲವೇನೋ ಎಂದು ಅವರು ಹೆಬ್ಬಾಳದ ಶೆಡ್ಡಿಗೆ ಬಂದರು.

"ಇನ್ನೊಂದು ಪ್ಲೇಟ್ ಆಕ್ಬುಡಿ" ಎಂದವರು ವಸಂತಮ್ಮ. ಕಮಾನಿನ ಕೆಲಸದಲ್ಲಿ ಇದು ರೂಢಿಯ ಮದ್ದು. ಇಲ್ಲಿಗೆ ಬರುವ ಪ್ರತಿ ಗಾಡಿಗೂ ಬೇಕಿರುವುದು ಇನ್ನಷ್ಟು ಹೊರೆ ಹೊರುವ ತಾಕತ್ತು. ಹಿಂಬದಿ ಕುಸಿಯಿತೇ, ಪ್ಲೇಟು ಹಾಕು. ತೂಗಾಡಿತೇ, ಪ್ಲೇಟು ಹಾಕು. ಕೃಷ್ಣಪ್ಪ ಕೊಂಚ ಅನುಮಾನಿಸಿದರು. ಹೆಂಡತಿ ಬಿಡಲಿಲ್ಲ. ಪ್ಲೇಟು ಏರಿತು, ಕ್ಲಾಂಪಿಗೆ ಎರಡು ಚುಕ್ಕಿ ಬಿತ್ತು.

ಭಾನುವಾರ ಆ ಗಾಡಿ ಹಿಂದೆಂದೂ ಕುಪ್ಪಳಿಸದ ಹಾಗೆ ಕುಪ್ಪಳಿಸಿತು. ನಾಲ್ಕು ಮಾರು ಹೋಗುವಷ್ಟರಲ್ಲಿ ಕಮಾನಿನ ಮುಖ್ಯ ಪ್ಲೇಟು ಠಣ್ಣೆಂದು ಮುರಿಯಿತು. ಯಾರಿಗೂ ಪೆಟ್ಟಾಗಲಿಲ್ಲ, ಅದೇ ಪುಣ್ಯ. ಮೈಕಿನವನು "ಅಡುಗೆ ಗಾಡಿ ಅಲ್ಲೇ ಒಲೆ ಹೂಡ್ಬಿಡ್ತು" ಎಂದು ಜನರನ್ನು ನಗಿಸಿದ. ಗಾಡಿಯನ್ನು ಎಳೆಸಿಕೊಂಡು ಬಂದ ಬಿಂದುಮಾಧವರಿಗೆ ಸಿಟ್ಟು ನೆತ್ತಿಗೇರಿತ್ತು. ಬಿಚ್ಚಿಟ್ಟ ಕ್ಲಾಂಪನ್ನು ತಿರುಗಿಸಿ ನೋಡಿ, "ಇದೇನ್ರೀ ಎರಡು ಚುಕ್ಕಿ? ಯಾರ್ಯಾರದು?" ಎಂದು ಕೇಳಿದರು.

"ಎರಡೂ ನಂದೇ ಸ್ವಾಮಿ" ಎಂದುಬಿಟ್ಟರು ಕೃಷ್ಣಪ್ಪ.

ಹೆಂಡತಿಗೆ ಬೈಗುಳ ತಪ್ಪಲಿ ಎಂದು ಆಡಿದ ಮಾತು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ವಸಂತಮ್ಮನಿಗೆ ಅದು ಗೊತ್ತು. ಆದರೂ ನೆನೆದಾಗಲೆಲ್ಲ ಅವರ ಕಣ್ಣು ತುಂಬುತ್ತದೆ. "ತಪ್ಪು ನಂದು ಕಣ್ರೀ. ಪ್ಲೇಟ್ ಆಕಿ ಅಂದೋಳು ನಾನು. ಬೈದಿದ್ರೆ ಬೈಸ್ಕತಿದ್ದೆ. ಒಳ್ಳೇ ಕೆಲ್ಸಕ್ಕೆ ಎಂಗೂ ನನ್ನ ಹೆಸ್ರು ಹೇಳಲ್ಲ. ಮುರಿದೋದ್ದಕ್ಕಾದ್ರೂ ಹೇಳ್ಬಾರ್ದಾ?" ಅಂದಿನಿಂದ ಅವರು ಪಂಚು ಮುಟ್ಟಿಲ್ಲ. ಸಮ್ಮಟಿಗೆ ಬೀಸುತ್ತಾರೆ, ಅಡುಗೆ ಮಾಡಿ ಬಡಿಸುತ್ತಾರೆ, ಚುಕ್ಕಿ ಮಾತ್ರ ಇಲ್ಲ. ಕೃಷ್ಣಪ್ಪನಿಗೆ ತಮ್ಮ ತಪ್ಪು ತಿಳಿದಿದೆ. ದಿನವೂ ಪಂಚು ಚಾಚುವುದೊಂದೇ ಅವರಿಗೆ ತೋಚಿದ ದಾರಿ.

ಮುರಿದ ಪ್ಲೇಟಿನ ಜಾಗಕ್ಕೆ ಬೇರೆಯದನ್ನು ಹಾಕಿ, ಹೆಚ್ಚಿಗೆ ಹಾಕಿದ್ದನ್ನು ಕಿತ್ತು, ಗಾಡಿಯನ್ನು ಮೊದಲಿದ್ದ ಹಾಗೆ ಮಾಡಿ ಕೊಟ್ಟದ್ದಾಗಿದೆ. ಈ ಆಷಾಢದಲ್ಲಿ ಇನ್ನು ಒಂದೇ ರೇಸು ಉಳಿದಿದೆ. ಅದರಲ್ಲೂ ಆಗದಿದ್ದರೆ ಕಮಾನನ್ನೇ ಕಿತ್ತು ಬೆಂಗಳೂರಿನಲ್ಲಿ ಬೇರೆ ಏನಾದರೂ ಹಾಕಿಸುವುದಾಗಿ ಬಿಂದುಮಾಧವರು ಹೇಳಿದ್ದಾರೆ. ಹಾಗಾದರೆ ವಸಂತಮ್ಮನ ತಪ್ಪು ತಪ್ಪಾಗಿಯೇ ಉಳಿಯುತ್ತದೆ.

ವಸಂತಮ್ಮ ಪಂಚು ಒಲ್ಲೆನೆಂದ ಆ ಬೆಳಗಿನ ಮರುದಿನ ಶುಕ್ರವಾರ. ಆಷಾಢ ಶುಕ್ರವಾರವೆಂದರೆ ಮೈಸೂರಿನ ಬೀದಿಬೀದಿಯಲ್ಲಿ ಚಾಮುಂಡಿ ತಾಯಿಯ ಹೆಸರಿನ ಪ್ರಸಾದ. ಹೆಬ್ಬಾಳದ ಕಾರ್ಖಾನೆಯೊಂದರ ಗೇಟಿನ ಮುಂದೆ ಹಂಚಲು ಬಿಂದುಮಾಧವರ ಗಾಡಿ ಬಿಸಿಬೇಳೆಬಾತಿನ ಕೊಳಗಗಳನ್ನು ಹೊತ್ತು ಬರುತ್ತದೆ. ಹೊಸದಾಗಿ ಕೂರಿಸಿದ ಕಮಾನಿನ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಸಬೇಕಲ್ಲ, ದಾರಿಯಲ್ಲಿ ಶೆಡ್ಡಿಗೂ ತಿರುಗುತ್ತದೆ. ಶೆಡ್ಡಿನ ಬಾಗಿಲಿಗೆ ಮಣ್ಣಿನ ಏರು. ಬೆಳಗಿನ ಜಿಟಿಜಿಟಿ ಮಳೆಗೆ ಅದು ರೊಚ್ಚೆ. ತುಂಬಿದ ಗಾಡಿ ಸದ್ದಿಲ್ಲದೆ ಏರಿ ಬರುತ್ತದೆ. ಮಧ್ಯಾಹ್ನ ಕೊಳಗಗಳನ್ನು ಗೇಟಿನಲ್ಲೇ ಇಳಿಸಿ, ಶೆಡ್ಡಿನವರಿಗೆ ಪ್ರಸಾದ ಕೊಡಲು ಮತ್ತೆ ಬಂದಾಗ ಅದೇ ಏರಿನಲ್ಲಿ ಚಕ್ರಗಳು ಗಿರಗಿರ ತಿರುಗಿ ಕೆಸರು ಹಾರಿಸುತ್ತವೆ.

ವಸಂತಮ್ಮ ದೊನ್ನೆ ಹಿಡಿದುಕೊಂಡು ನೋಡುತ್ತಾ ನಿಲ್ಲುತ್ತಾರೆ. ಬಿಸಿಬೇಳೆಬಾತು ಆರುತ್ತದೆ. "ಐನೋರೇ, ಹಿಂದಕ್ಕೋಗಿ. ಇನ್ನೊಂದ್ಸಲ ಬನ್ನಿ" ಎನ್ನುತ್ತಾರೆ.

"ಯಾಕ್ರೀ, ಇನ್ನೊಂದು ದೊನ್ನೆ ಬೇಕಾ?" ಎನ್ನುತ್ತಾರೆ ಬಿಂದುಮಾಧವರು.

"ಬನ್ನಿ ಅಂದ್ರೆ."

ಗಾಡಿ ಮತ್ತೆ ಬರುತ್ತದೆ, ಮತ್ತೆ ಜಾರುತ್ತದೆ. ಏರು ಶುರುವಾಗುವಲ್ಲಿ ಚಕ್ರ ತಿರುಗುತ್ತಿದೆ, ಆದರೆ ಗಾಡಿಯ ಹಿಂಬದಿ ಕಲ್ಲಿನ ಹಾಗೆ ಎತ್ತರದಲ್ಲೇ ನಿಂತಿದೆ. ಒಂದಿಷ್ಟೂ ಬಗ್ಗುತ್ತಿಲ್ಲ. ಆಗ ವಸಂತಮ್ಮ ಹೇಳುತ್ತಾರೆ: "ನಿಮ್ಮ ಅಡುಗೆಯೋರು ಕೊಳ್ಗ ಎತ್ತೋದು ನೋಡಿದ್ದೀರಲ್ಲ. ಮೊದ್ಲು ಮಂಡಿ ಬಗ್ಗಿಸಿ ಕೂರ್ತಾರೆ, ಆಮೇಲೆ ತಾನೇ ಏಳೋದು? ನೆಟ್ಟಗೆ ನಿಂತ್ಕಂಡು ಎಳುದ್ರೆ ಕಾಲು ಜಾರತ್ತೆ. ಈ ಗಾಡಿಗೆ ನಾವು ಕೂರಕ್ಕೇ ಬಿಟ್ಟಿಲ್ಲ."

ಹೊರೆ ಹೊತ್ತ ಗಾಡಿಗೆ ಹಿಡಿತ ಹೆಚ್ಚೆಂಬುದು ಯಾವ ಚಾಲಕನಿಗೂ ಗೊತ್ತು, ಬಿಂದುಮಾಧವರಿಗೂ ಗೊತ್ತಿತ್ತು. ಆದರೆ ಗಾಡಿಯ ಭಾರ ಹೆಚ್ಚಿಸಿದರೆ ವೇಗ ಹೋಗುತ್ತದೆ. ಕಮಾನು ಮೆತ್ತಗೆ ಮಾಡಿದರೆ ಶುಕ್ರವಾರ ಕೊಳಗ ಹೊರುವವರು ಯಾರು? ರೇಸಿನ ಗಾಡಿಯೂ ಅದೇ, ಅನ್ನದ ಗಾಡಿಯೂ ಅದೇ. ಸಿಕ್ಕು ಇದ್ದದ್ದು ಅಲ್ಲೇ.

ಅದನ್ನು ಬಿಡಿಸಲು ಗಂಡಹೆಂಡಿರು ವಾರವಿಡೀ ತಿಣುಕುತ್ತಾರೆ. ಮುಖ್ಯ ಕಮಾನಿನಿಂದ ಎರಡು ಪ್ಲೇಟು ತೆಗೆದು, ಅವನ್ನು ಅದರ ಮೇಲೆ ಬೇರೆಯಾಗಿ, ಬೆರಳು ತೂರುವಷ್ಟು ಸಂದು ಬಿಟ್ಟು ಕೂರಿಸುವುದು ವಸಂತಮ್ಮನ ಯೋಚನೆ. ಗಾಡಿ ಖಾಲಿ ಇರುವಾಗ ಆ ಎರಡು ಪ್ಲೇಟುಗಳಿಗೆ ಕೆಲಸವಿಲ್ಲ. ಕೊಳಗ ಏರಿ ಸಂದು ಮುಚ್ಚಿಕೊಂಡಾಗ ಮಾತ್ರ ಅವು ಹೆಗಲು ಕೊಡುತ್ತವೆ. ಕುಪ್ಪಳಿಸುವುದಕ್ಕೆ ಮದ್ದು ಕೃಷ್ಣಪ್ಪನದು: ಚಕ್ರಗಳನ್ನು ಜೋಡಿಸುವ ಆಕ್ಸಲ್ಲಿನಿಂದ ಮುಂದಿನ ಅರ್ಧ ಕಮಾನಿಗೆ ಬಿಗಿಯಾದ ಕ್ಲಾಂಪು, ಹಿಂದಿನ ಅರ್ಧಕ್ಕೆ ಸಡಿಲ. ಮುಂದಿನದು ತಿರುಚಿಕೊಳ್ಳದೆ ಹಿಡಿದುಕೊಳ್ಳುತ್ತದೆ, ಹಿಂದಿನದು ಬಗ್ಗುತ್ತದೆ. ಮೊದಲ ಸಲ ಸಂದು ಕಡಿಮೆಯಾಗಿ ಬಿಚ್ಚುತ್ತಾರೆ. ಎರಡನೇ ಸಲ ಹೆಚ್ಚಾಗಿ ಬಿಚ್ಚುತ್ತಾರೆ. ಆ ವಾರ ಅವರಿಬ್ಬರು ಆಡಿದ ಮಾತು, ಜಗಳವೂ ಸೇರಿ, ಹಿಂದಿನ ಒಂದು ತಿಂಗಳಿಗಿಂತ ಹೆಚ್ಚು. ಕೊನೆಗೆ ಒಂದು ಚುಕ್ಕಿ ಬೀಳುತ್ತದೆ. ಕೃಷ್ಣಪ್ಪ ಮತ್ತೆ ಪಂಚು ಚಾಚುತ್ತಾರೆ, ವಸಂತಮ್ಮ ಮತ್ತೆ ಒಲ್ಲೆ ಎನ್ನುತ್ತಾರೆ.

ಭಾನುವಾರ ಆಕಾಶ ತೆರವಾಗಿದೆ, ರಸ್ತೆ ಒಣಗಿದೆ. ತಾವು ಕಮಾನು ಕಟ್ಟಿದ ಗಾಡಿ ಓಡುವುದನ್ನು ವಸಂತಮ್ಮ ನಿಂತು ನೋಡುತ್ತಿರುವುದು ಜೀವಮಾನದಲ್ಲಿ ಇದೇ ಮೊದಲು. ರೇಸಿನ ಬೇಲಿಯಾಚೆ ಎಲ್ಲರ ಕಣ್ಣು ಹೊರಡಲು ಸನ್ನೆ ಕೊಡುವ ದೀಪದ ಮೇಲೆ, ಇವರದು ಹಿಂದಿನ ಚಕ್ರದ ಮೇಲೆ. ಹಸಿರು ದೀಪ ಹತ್ತುತ್ತದೆ. ಅಷ್ಟು ದೊಡ್ಡ ಗಾಡಿಯ ಹಿಂಬದಿ ಗಪ್ಪನೆ ಕೂರುತ್ತದೆ, ಟೈರು ರಸ್ತೆಯನ್ನು ಒತ್ತಿ ಹಿಡಿಯುತ್ತದೆ, ಹೊಗೆಯಿಲ್ಲ, ಕುಪ್ಪಳಿಕೆಯಿಲ್ಲ. "ಕೂತ್ಕತು! ನೋಡ್ರೀ, ಕೂತ್ಕತು!" ಎಂದು ವಸಂತಮ್ಮ ಗಂಡನ ತೋಳು ಹಿಡಿದು ಅಲ್ಲಾಡಿಸುತ್ತಾರೆ. ಫಲಕದಲ್ಲಿ ಹದಿನಾರು ಮುಕ್ಕಾಲು ಸೆಕೆಂಡ್ ಮೂಡುವಾಗ ಅವರು ಆ ಕಡೆ ನೋಡುತ್ತಲೇ ಇಲ್ಲ.

ಅಲ್ಲೇ ಕೃಷ್ಣಪ್ಪ ಜೇಬಿನಿಂದ ಪಂಚು ತೆಗೆಯುತ್ತಾರೆ. ಜೇಬಿನಲ್ಲಿ ಅದನ್ನು ಇಟ್ಟುಕೊಂಡೇ ಬಂದಿದ್ದಾರೆ, ಪುಣ್ಯಾತ್ಮ. ಹೆಂಡತಿ ತಲೆಯಾಡಿಸುತ್ತಾರೆ. "ಖಾಲಿ ಗಾಡಿ ಓಡ್ಸಿದ್ದು ಏನ್ ಮಹಾ? ಶುಕ್ರವಾರ ಹೊರೆ ಹೊರ್ಲಿ. ಆಮೇಲೆ ನೋಡವ."

ಆಷಾಢದ ಕೊನೇ ಶುಕ್ರವಾರ ಕೊಳಗಗಳು ಹಿಂದಿನ ಸಲಕ್ಕಿಂತ ಹೆಚ್ಚು. ಬೆಳಕು ಹರಿಯುವಾಗ ಗಾಡಿ ಶೆಡ್ಡಿನ ಏರು ಹತ್ತಿ ನಿಲ್ಲುತ್ತದೆ. ವಸಂತಮ್ಮ ಗೋಣಿ ಹಾಸಿಕೊಂಡು ಅಡಿಗೆ ನುಸುಳಿ ಸಂದಿಗೆ ಬೆರಳು ಒತ್ತುತ್ತಾರೆ. ಬೆರಳು ತೂರುವುದಿಲ್ಲ. ಸಂದು ಮುಚ್ಚಿದೆ, ಮೇಲಿನ ಎರಡು ಪ್ಲೇಟುಗಳು ಹೊರೆಗೆ ಹೆಗಲು ಕೊಟ್ಟಿವೆ, ಹಿಂಬದಿ ಕುಸಿದಿಲ್ಲ. ಮೇಲೆ ಬಿಂದುಮಾಧವರು ಕೊಳಗದ ಮುಚ್ಚಳ ತೆಗೆದು, ದಟ್ಟಗಳ್ಳಿಯಿಂದ ಇಲ್ಲಿಯವರೆಗೆ ಒಂದು ಸೌಟೂ ಚೆಲ್ಲಿಲ್ಲವೆಂದು ಕೂಗಿ ಹೇಳುತ್ತಾರೆ. ಆಮೇಲೆ ಕೆಳಗಿಳಿದು, ಮೊಬೈಲಿನ ಬೆಳಕು ಬಿಟ್ಟು, ತಾವೂ ಬಗ್ಗಿ ನೋಡುತ್ತಾರೆ.

"ಏನ್ರೀ ಕೃಷ್ಣಪ್ನೋರೇ, ಹೋದ ಸಲ ಎರಡು ಚುಕ್ಕಿ ಇತ್ತು. ಮುರಿದಿದ್ದಕ್ಕೆ ಎರಡು, ಗೆದ್ದಿದ್ದಕ್ಕೆ ಒಂದೇನಾ?"

ಕೃಷ್ಣಪ್ಪ ಕತ್ತು ಕೆರೆದುಕೊಳ್ಳುತ್ತಾರೆ. ಒಮ್ಮೆ ಗಾಡಿಯ ಅಡಿಗೆ, ಒಮ್ಮೆ ಬಿಂದುಮಾಧವರ ಕಡೆಗೆ ನೋಡುತ್ತಾರೆ. "ಅವತ್ತು ಸುಳ್ಳು ಹೇಳ್ಬುಟ್ಟೆ ಸ್ವಾಮಿ. ಒಂದು ನಮ್ಮನೆಯೋಳದು. ಅವತ್ತು ಪ್ಲೇಟ್ ಆಕಿ ಅಂದೋಳೂ ಇವಳೇ, ಇವತ್ತು ಇದನ್ನ ಮಾಡ್ದೋಳೂ ಇವಳೇ. ಮೂವತ್ತು ವರ್ಷದಿಂದ ಎರಡು ಚುಕ್ಕಿ ಬೀಳ್ತಾ ಐತೆ. ಎರಡನೇದು ಯಾರದು ಅಂತ ಯಾರೂ ಕೇಳಿರ್ಲಿಲ್ಲ. ನೀವು ಕೇಳಿದ್ರಿ, ನಾನು ಹೇಳ್ಲಿಲ್ಲ."

ಗಾಡಿಯ ಅಡಿಯಿಂದ ಕೈಯೊಂದು ಹೊರಗೆ ಬರುತ್ತದೆ. ಕೃಷ್ಣಪ್ಪ ಅದರೊಳಗೆ ಪಂಚನ್ನೂ ಸುತ್ತಿಗೆಯನ್ನೂ ಇಡುತ್ತಾರೆ. ಠಕ್ ಎಂದು ಒಂದೇ ಏಟಿನ ಸದ್ದು.

ಸೆರಗಿನ ಮಣ್ಣು ಕೊಡವಿಕೊಳ್ಳುತ್ತಾ ವಸಂತಮ್ಮ ಹೊರಗೆ ಬರುತ್ತಾರೆ. ಇನ್ನೇನಾದರೂ ಆಸೆ ಇದೆಯೇ, ಬೋರ್ಡಿನಲ್ಲಿ ಹೆಸರು ಹಾಕಿಸುವುದೇ ಎಂದು ಕೇಳಿದರೆ, ಬೋರ್ಡು ಮಳೆಗೆ ಹಾಳಾಗುತ್ತದೆ ಬಿಡಿ ಎಂದು ನಗುತ್ತಾರೆ. ಗಾಡಿ ಕಾರ್ಖಾನೆಯ ಗೇಟಿನ ಕಡೆ ಹೊರಡುತ್ತದೆ. ಏನೋ ನೆನಪಾದವರಂತೆ ಅವರು ಎರಡು ಹೆಜ್ಜೆ ಮುಂದೆ ಹೋಗಿ, ಬಿಂದುಮಾಧವರಿಗೆ ಕೇಳುವಂತೆ ಕೂಗಿ ಹೇಳುತ್ತಾರೆ:

"ಐನೋರೇ, ಮುರುದ್ರೆ ಈ ಸಲ ನನ್ನ ಹೆಸ್ರು ಹಿಡ್ದೇ ಬೈಬೇಕು."