ಹೊಸಕೋಟೆಯ ಬೂದುಗುಂಬಳ

ಆಯುಧಪೂಜೆಯ ಸಂಜೆ. ಹೊಸಕೋಟೆಯಲ್ಲಿ ನೆಂಟರಿಷ್ಟರ ಮನೆಗಳ ದಸರಾ ಗೊಂಬೆ ನೋಡಿ ಕಾಲು ಸೋತಿತ್ತು. ಬೆಂಗಳೂರು ಬಸ್ಸಿಗೆ ಕಾಯುತ್ತ ಪಂಕ್ಚರ್ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆ. ಎದುರಿಗೆ ಯಾರೋ ಲಾರಿಗೆ ದೃಷ್ಟಿ ತೆಗೆದು, ಕುಂಕುಮ ತುಂಬಿದ ಬೂದುಗುಂಬಳವನ್ನು ರಸ್ತೆಗೆ ಒಡೆದರು. ಲಾರಿ ಹೋಯಿತು, ಹೋಳುಗಳು ಉಳಿದವು.

ಅವುಗಳ ಮೇಲೆ ಒಂದು ಸ್ಕೂಟರ್ ಜಾರಿತು. ಗಂಡ, ಹೆಂಡತಿ, ಪುಟ್ಟ ಮಗಳು ಮೂವರೂ ಬಿದ್ದರು. ಮಗುವಿನ ಮುಖವೆಲ್ಲ ಕೆಂಪು. ನಾನು ಎದ್ದು ನಿಂತೆ. ಅಂಗಡಿಯ ಮುದುಕ ಓಡಿಹೋಗಿ ಬಾಟಲಿಯ ನೀರಿನಲ್ಲಿ ಅದರ ಮುಖ ತೊಳೆದ. ಎಲ್ಲೂ ಗಾಯವಿರಲಿಲ್ಲ.

"ರಕ್ತ ಅಲ್ಲಮ್ಮಾ, ಕುಂಕುಮ. ನೋಡಿ, ಹೋಯ್ತು."

ತಾಯಿ ಆ ಕೆನ್ನೆಯನ್ನು ಮತ್ತೆ ಮತ್ತೆ ಒರೆಸುತ್ತಲೇ ಇದ್ದಳು.

"ಬಿಡಮ್ಮಾ, ಉರೀತದೆ. ಗೊಂಬೆ ನೋಡಕ್ಕೆ ಹೋಗಲ್ವಾ?" ಎಂದಿತು ಮಗು.

"ಮನೆಗೆ ನಡಿಯೇ," ಎಂದಳು.

ಅವರು ಸ್ಕೂಟರನ್ನು ತಳ್ಳಿಕೊಂಡು ಹೋದರು. ಮುದುಕ ಪೊರಕೆ ತಂದು ಹೋಳುಗಳನ್ನು ಚರಂಡಿಯತ್ತ ಗುಡಿಸಿದ. ಅಷ್ಟರಲ್ಲಿ ಇನ್ನೊಂದು ಲಾರಿಯವರು ಕುಂಬಳಕಾಯಿಯ ಮೇಲೆ ಕರ್ಪೂರ ಹಚ್ಚಿದ್ದರು.

"ಸ್ವಲ್ಪ ಪಕ್ಕದಲ್ಲಿ ಒಡೀರಪ್ಪಾ, ಈಗಷ್ಟೇ ಮಗು ಬಿತ್ತು."

"ಆಯ್ತು ಚಾಚಾ," ಎಂದ ಡ್ರೈವರ್, ಬಹಳ ಮರ್ಯಾದೆಯಿಂದ. ಕಾಯಿಯನ್ನು ರಸ್ತೆಯ ನಡುವೆಯೇ ಒಡೆದ.

ಚಾಚಾ ಮೂಲೆಗಿಟ್ಟಿದ್ದ ಪೊರಕೆಯನ್ನು ಮತ್ತೆ ಕೈಗೆತ್ತಿಕೊಂಡ.